ಮೂರನೇ ಸುರಂಗದಲ್ಲಿ ಎರಡು ಬೆರಳು ಜಾಗ

ಬೆರಳಣ್ಣನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಹಾಜರಿ ಪುಸ್ತಕದಲ್ಲಿ ಅದು ಮೂವತ್ತು ವರ್ಷ ಅಚ್ಚುಕಟ್ಟಾಗಿ ಕೂತಿತ್ತು, ಅಲ್ಲಿಂದ ಎದ್ದು ಬಂದು ಯಾರ ಬಾಯಿಗೂ ಬೀಳಲಿಲ್ಲ. ಹೆಂಡತಿಯ ತಮ್ಮ 'ಭಾವ' ಅನ್ನುತ್ತಿದ್ದ. ಹೆಂಡತಿ ಸಿಟ್ಟು ಬಂದರೆ ಒಂದು, ಬರದಿದ್ದರೆ ಇನ್ನೊಂದು ಅನ್ನುತ್ತಿದ್ದಳು. ಉಳಿದ ಇಡೀ ಬೆಟ್ಟದ ರೈಲಿಗೆ ಅವನು ಬೆರಳಣ್ಣ.

ಹೆಸರಿಗೆ ಕಾರಣ ಅವನ ಕೆಲಸ. ಆ ರೈಲಿನ ಎರಡು ಹಳಿಗಳ ನಡುವೆ ಎರಡೂವರೆ ಅಡಿ ಮಾತ್ರ. ಬಯಲು ಸೀಮೆಯ ದೊಡ್ಡ ರೈಲಿನಲ್ಲಿ ಬಂದಿಳಿದವರು ಇದನ್ನು ನೋಡಿ, ಮಕ್ಕಳ ಆಟದ ಸಾಮಾನು ಎಂದು ನಗುವುದುಂಟು. ನಗಲಿ ಬಿಡಿ. ಅವರು ನಕ್ಕು ಮುಗಿಸುವ ಹೊತ್ತಿಗೆ ಆ ಆಟದ ಸಾಮಾನು ಕಲ್ಲಿದ್ದಲು, ಉಪ್ಪು, ಸೀಮೆಎಣ್ಣೆ, ಹಿಟ್ಟಿನ ಮೂಟೆ, ಕಿಟಕಿ ಗಾಜು ಎಲ್ಲವನ್ನೂ ಹೊತ್ತು ಮೋಡದೊಳಗೆ ನುಗ್ಗಿರುತ್ತಿತ್ತು. ಬೆಟ್ಟದ ಮೇಲಿನ ಊರಿಗೆ ಬೇರೆ ದಾರಿ ಇರಲಿಲ್ಲ. ಕಾಲುದಾರಿಯೊಂದಿತ್ತು, ಅದನ್ನು ಕಂಡರೆ ಹೇಸರಗತ್ತೆಗೂ ಬೇಸರ. ಗೋಡೆ ಗಡಿಯಾರದಿಂದ ಬಾಗಿಲ ಚಿಲಕದವರೆಗೆ ಎಲ್ಲವೂ ಗೂಡ್ಸ್ ಗಾಡಿಯಲ್ಲಿ, ಐದು ಸುರಂಗ ದಾಟಿಯೇ ಮೇಲೆ ಬರಬೇಕು.

ಆ ಸುರಂಗ ಕೊರೆದ ಪುಣ್ಯಾತ್ಮರು ಬೇಕಾದ್ದಕ್ಕಿಂತ ಒಂದು ಗೇಣೂ ಹೆಚ್ಚು ಕೊರೆದಿರಲಿಲ್ಲ. ಹಾಗಾಗಿ ಕೆಳಗಿನ ಗೂಡ್ಸ್ ಶೆಡ್ಡಿಗೆ ಯಾವ ದೊಡ್ಡ ಹೊರೆ ಬಂದರೂ ಮೊದಲ ಪ್ರಶ್ನೆ ಒಂದೇ: ಇದು ಹೋಗುತ್ತಾ? ಉತ್ತರ ಹೇಳಬೇಕಾದವನು ವ್ಯಾಗನ್ ಬಡಗಿ. ಅವನು ಹೊರೆಯ ಮೇಲೆ ಹತ್ತಿ, ಅಳತೆ ಕೋಲು ಹಿಡಿದು, ಒಂದು ಕಣ್ಣು ಮುಚ್ಚಿ, ಕೊನೆಗೆ ಬಲಗೈಯ ತೋರುಬೆರಳು ನಡುಬೆರಳು ಜೋಡಿಸಿ ಎಲ್ಲರಿಗೂ ಕಾಣುವಂತೆ ಎತ್ತುತ್ತಿದ್ದ.

"ಹೋಗುತ್ತೆ. ಎರಡು ಬೆರಳು ಜಾಗ ಇದೆ."

ಎರಡು ಬೆರಳಿಗಿಂತ ಕಡಿಮೆ ಇದ್ದರೆ ಬೆರಳು ಮೇಲೇಳುತ್ತಿರಲಿಲ್ಲ, ಹೊರೆಯೂ ಮೇಲೇರುತ್ತಿರಲಿಲ್ಲ. ಅಷ್ಟೇ ಕಾನೂನು.

ಕೆಲಸದ ಚಟ ಮನೆಗೂ ಅಂಟಿತ್ತು. ಕಪಾಟು ಬಾಗಿಲು ದಾಟುತ್ತದೆಯೇ, ತಲೆ ತೊಲೆಗೆ ಬಡಿಯುತ್ತದೆಯೇ, ಪಕ್ಕದ ಮನೆಯವಳು ಈ ಸಂದಿಯಲ್ಲಿ ಹಿಡಿಸುತ್ತಾಳೆಯೇ, ಎಲ್ಲವನ್ನೂ ಬೆರಳಲ್ಲೇ ಹೇಳುವವನು. ಕೊನೆಯದನ್ನು ಒಮ್ಮೆ ಆಕೆಯ ಎದುರಿಗೇ ಹೇಳಿ ಒಂದು ವರ್ಷ ಆಕೆಯ ಕಣ್ಣಿಗೆ ಶತ್ರುವಾಗಿದ್ದ.

ಅಳೆಯುವುದಕ್ಕೆ ಅವನ ಬಳಿ ಒಂದು ಸಾಧನ ಇತ್ತು. ಅದಕ್ಕೆ ಮುಳ್ಳು ಗಾಡಿ ಎಂದು ಹೆಸರು. ಚಿಕ್ಕದೊಂದು ಬೋಳು ವ್ಯಾಗನ್, ಅದರ ಮೇಲೆ ಹೊರೆಯ ಆಕಾರಕ್ಕೆ ಸರಿಯಾಗಿ ಕಟ್ಟಿದ ಮರದ ಚೌಕಟ್ಟು, ಚೌಕಟ್ಟಿನ ಸುತ್ತ ಒಂದು ಬೆರಳು ಆಚೆಗೆ ಚಾಚಿ ನಿಂತ ತೆಳು ಕಡ್ಡಿಗಳು. ಹೊರೆಗಿಂತ ಮೊದಲು ಇದನ್ನು ಸುರಂಗದೊಳಗೆ ನಿಧಾನಕ್ಕೆ ತಳ್ಳಿಕೊಂಡು ಹೋಗಬೇಕು. ಕಡ್ಡಿ ಮುರಿದರೆ ಹೊರೆ ತಾಗುತ್ತದೆ. ಎಲ್ಲ ಕಡ್ಡಿ ನೆಟ್ಟಗೆ ಉಳಿದರೆ ಹೊರೆ ಹೋಗುತ್ತದೆ. ನಕ್ಷೆಯನ್ನು ಕೇಳುವ ಬದಲು ಬೆಟ್ಟವನ್ನೇ ಕೇಳುವ ವಿದ್ಯೆ ಇದು.

ಈ ವಿದ್ಯೆ ಅವನಿಗೆ ಹುಟ್ಟಿನಿಂದ ಬಂದದ್ದಲ್ಲ. ಪೆಟ್ಟು ತಿಂದು ಬಂದದ್ದು.

ಕೆಲಸಕ್ಕೆ ಸೇರಿದ ಎರಡನೇ ವರ್ಷ ಮೇಲಿನ ಆಸ್ಪತ್ರೆಗೆ ಒಂದು ತಾಮ್ರದ ಹಂಡೆ ಬಂತು. ಹಂಡೆ ಎಂದರೆ ಮನೆಯ ಹಂಡೆಯಲ್ಲ, ನಾಲ್ಕು ಜನ ಒಳಗೆ ಕೂತು ಹರಟೆ ಹೊಡೆಯಬಹುದಾದಂಥದ್ದು. ಆಸ್ಪತ್ರೆಯ ಬಟ್ಟೆ ಒಗೆಯುವ ಮನೆಗೆ ನೀರು ಕಾಯಿಸಲು ತರಿಸಿದ್ದರು. ಬಿಸಿರಕ್ತದ ಹುಡುಗ ಸುರಂಗದ ಹಳೆಯ ನಕ್ಷೆ ಬಿಡಿಸಿ, ಹಂಡೆ ಅಳೆದು, ಕೂಡಿ ಕಳೆದು, ಎರಡು ಬೆರಳು ಎತ್ತಿಬಿಟ್ಟ. ಹಂಡೆ ಎರಡು ಸುರಂಗ ಸಲೀಸಾಗಿ ದಾಟಿ ಮೂರನೆಯದರಲ್ಲಿ ಕಚ್ಚಿಕೊಂಡು ಕೂತಿತು. ಹಿಂದಕ್ಕೆ ಎಳೆದರೂ ಬಾರದು, ಮುಂದಕ್ಕೆ ತಳ್ಳಿದರೂ ಹೋಗದು. ಸಂಜೆಯವರೆಗೆ ಜಗ್ಗಾಡಿ ಹೊರತೆಗೆದಾಗ ತಾಮ್ರ ಹರಿದು, ತಳ ನಜ್ಜುಗುಜ್ಜಾಗಿ, ಬೆಸೆಯಲೂ ಬಾರದ ಸ್ಥಿತಿ.

ಅದರ ತುಂಡುಗಳನ್ನು ಹೊತ್ತು ಗಾಡಿ ಮೇಲಿನ ನಿಲ್ದಾಣ ತಲುಪಿದಾಗ ಆಸ್ಪತ್ರೆಯ ಅಗಸಗಿತ್ತಿ ಪ್ಲಾಟ್‌ಫಾರಂ ಮೇಲೆ ಕಾಯುತ್ತಿದ್ದಳು. ವಯಸ್ಸು ಇಪ್ಪತ್ತು ಇರಬಹುದು. ಬೆಳಗಿನಿಂದ ಹಂಡೆಗೆ ಕಾದು ಕೂತಿದ್ದವಳು. ಮುರುಕಲು ತಾಮ್ರ ನೋಡಿದಳು, ತಲೆ ತಗ್ಗಿಸಿ ನಿಂತಿದ್ದ ಬಡಗಿಯನ್ನು ನೋಡಿದಳು.

"ಎರಡು ಬೆರಳು ಜಾಗ ಇದೆ ಅಂದ್ಯಂತಲ್ಲ, ಯಾರ ಬೆರಳಯ್ಯಾ?"

ಇಡೀ ಪ್ಲಾಟ್‌ಫಾರಂ ನಕ್ಕಿತು. ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ನಗದೇ ನಿಂತಿದ್ದ ಒಬ್ಬಳೇ ಒಬ್ಬಳು ಅವಳೇ ಎಂಬುದನ್ನೂ ಅವನು ಗಮನಿಸಿದ. ಹಿಮದ ನೀರಿಗೆ ಅವಳ ಕೈ ಮೊಣಕೈವರೆಗೆ ಕೆಂಪಾಗಿತ್ತು. ಮಾರನೆಯ ವಾರ ಕ್ಷಮೆ ಕೇಳಲು ಹೋದ. ಅದರ ಮಾರನೆಯ ವಾರವೂ ಹೋದ. ಮೂರನೆಯ ವಾರ ಕೇಳುವುದಕ್ಕೆ ಕ್ಷಮೆ ಉಳಿದಿರಲಿಲ್ಲ, ಆದರೂ ಹೋದ. ವರ್ಷ ತುಂಬುವುದರಲ್ಲಿ ಮದುವೆಯಾಯಿತು.

ಹಂಡೆ ಮಾತ್ರ ಮತ್ತೆ ಬರಲಿಲ್ಲ. ಆಸ್ಪತ್ರೆಯವರು ಮುಂದಿನ ವರ್ಷ ಎಂದರು, ಅದರ ಮುಂದಿನ ವರ್ಷ ಎಂದರು. ಹೀಗೆ ಹತ್ತೊಂಬತ್ತು ವರ್ಷ. ಅವನು ವಾರವೆಲ್ಲ ಕೆಳಗಿನ ಶೆಡ್ಡಿನಲ್ಲಿ, ಶನಿವಾರದ ಗೂಡ್ಸ್ ಹತ್ತಿ ಮೇಲೆ ಮನೆಗೆ. ಮನೆಗೆ ಬಂದ ಕೂಡಲೇ ಕಣ್ಣಿಗೆ ಬೀಳುತ್ತಿದ್ದುದು ಅವಳ ಕೈ. ಅರವತ್ತು ಹಾಸಿಗೆಯ ಎದೆರೋಗದ ಆಸ್ಪತ್ರೆ, ದಿನಕ್ಕೆ ಅರವತ್ತು ದುಪ್ಪಟಿ. ಕಲ್ಲಿನ ತೊಟ್ಟಿ, ಕೊಳವೆಯಲ್ಲಿ ನೇರವಾಗಿ ತೊರೆಯಿಂದ ಬರುವ ನೀರು. ಚಳಿಗಾಲದಲ್ಲಿ ಬೆರಳುಗಳು ಬಾತು, ಒಡೆದು, ಗಂಟುಗಂಟಾಗುತ್ತಿದ್ದವು. ತಂದ ಮುಲಾಮು ಹಚ್ಚುತ್ತ ಕೂರುತ್ತಿದ್ದ. ಅವಳು ಒಂದು ದಿನವೂ ಹಂಡೆಯ ಮಾತೆತ್ತಿ ಚುಚ್ಚಲಿಲ್ಲ. ಚುಚ್ಚಿದ್ದರೆ ಎಷ್ಟೋ ವಾಸಿಯಿತ್ತು ಎಂದು ಅವನು ಭಾಮೈದನ ಹತ್ತಿರ ಒಮ್ಮೆ ಹೇಳಿಕೊಂಡಿದ್ದ.

ಆ ಹಂಡೆ ಯಾಕೆ ಸಿಕ್ಕಿಕೊಂಡಿತು ಎಂಬುದು ಅವನಿಗೆ ಬಗೆಹರಿಯಲೇ ಇಲ್ಲ. ನಕ್ಷೆಯ ಲೆಕ್ಕ ನೂರು ಸಲ ಮಾಡಿದ್ದ, ನೂರು ಸಲವೂ ಎರಡು ಬೆರಳು ಜಾಗ ಬರುತ್ತಿತ್ತು. ಇನ್ನೂ ಒಂದು ವಿಚಿತ್ರ. ಪ್ರತಿ ವರ್ಷ ಮುಳ್ಳು ಗಾಡಿ ತಳ್ಳಿ ಅಳೆದಾಗಲೂ ಮೂರನೇ ಸುರಂಗದ ಎತ್ತರ ಹೋದ ವರ್ಷಕ್ಕಿಂತ ಒಂದು ಕೂದಲೆಳೆ ಕಡಿಮೆ. ಬೆಟ್ಟ ಕೆಳಗೆ ಕೂರುತ್ತಿದೆ ಎಂದು ಅವನು ವರದಿ ಕೊಟ್ಟ. "ಬೆಟ್ಟಕ್ಕೂ ವಯಸ್ಸಾಯ್ತಲ್ವಾ ಸಾರ್, ಸೊಂಟ ಬಗ್ಗುತ್ತೆ" ಎಂದ. ಕಚೇರಿಯವರು ಆ ಕಾಗದವನ್ನು ವರ್ಷವಿಡೀ ಒಬ್ಬರಿಗೊಬ್ಬರು ತೋರಿಸಿ ನಕ್ಕರು.

ಇಂಥ ಹೊತ್ತಿನಲ್ಲಿ ಬಂತು ನೋಡಿ ಬಾಯ್ಲರ್!

ಕೊನೆಗೂ ಆಸ್ಪತ್ರೆ ಮನಸ್ಸು ಮಾಡಿತ್ತು. ನೀರೂ ಕಾಯಬೇಕು, ವಾರ್ಡುಗಳೂ ಬೆಚ್ಚಗಾಗಬೇಕು ಎಂದು ಹನ್ನೆರಡು ಟನ್ನಿನ ಕಬ್ಬಿಣದ ಬಾಯ್ಲರ್ ತರಿಸಿದ್ದರು. ದೊಡ್ಡ ರೈಲಿನಿಂದ ಕ್ರೇನು ಅದನ್ನು ಇಳಿಸಿದಾಗ ಇಡೀ ಶೆಡ್ಡು ಕೆಲಸ ಬಿಟ್ಟು ಸುತ್ತ ನಿಂತಿತು. ಬೆನ್ನ ಮೇಲೆ ಕಬ್ಬಿಣದ್ದೇ ಗುಮ್ಮಟ, ಸುತ್ತ ರಿವೆಟ್ಟು ಹೊಡೆದದ್ದು, ಬಿಚ್ಚಲು ಬಾರದು. ರೈಲಿನ ಎಂಜಿನಿಯರ್ ನೋಡಿ ಅಡ್ಡಡ್ಡ ತಲೆಯಾಡಿಸಿದ.

"ಎರಡು ತುಂಡು ಮಾಡಿ ಮೇಲೆ ಬೆಸೆಯಬೇಕು. ಬೆಸೆಯೋರನ್ನ ಕರೆಸೋಕೆ ಮುಂದಿನ ಬೇಸಿಗೆ ಆಗುತ್ತೆ. ಬೆಸೆದದ್ದು ಸೋರಲ್ಲ ಅಂತ ನಾನೇನೂ ಹೇಳಲ್ಲ."

ಬೆರಳಣ್ಣ ಆಗಲೇ ಗುಮ್ಮಟದ ಪಕ್ಕ ಹತ್ತಿ ಕೂತಿದ್ದ. ಕೋಲಿನಿಂದ ಒಂದು ಸಲವಲ್ಲ, ಏಳು ಸಲ ಅಳೆದ. ತಗ್ಗು ವ್ಯಾಗನ್ ಮೇಲೆ ಮಲಗಿಸಿದರೆ... ಸ್ಪ್ರಿಂಗು ಭಾರಕ್ಕೆ ಇಷ್ಟು ಕುಗ್ಗಿದರೆ...

"ನಾಲ್ಕು ದಿನ ಕೊಡಿ ಸಾರ್. ಬೆಟ್ಟಾನ ಕೇಳಿ ಬರ್ತೀನಿ."

ನಾಲ್ಕು ದಿನದಲ್ಲಿ ಬಾಯ್ಲರಿನ ಆಕಾರದ ಮುಳ್ಳು ಗಾಡಿ ಕಟ್ಟಿದ. ಊಟ ನಿಂತುಕೊಂಡೇ ಆಯಿತು. ಐದನೇ ದಿನ ಭಾಮೈದ ಎಂಜಿನ್ ತಂದ. ಅವನು ಗೂಡ್ಸ್ ಡ್ರೈವರ್, ಅಕ್ಕನ ಹಾಗೆಯೇ ಬಾಯಿ ಜೋರು. ಇಬ್ಬರೂ ಐದು ಸುರಂಗಗಳಲ್ಲೂ ಗಾಡಿಯನ್ನು ನಡಿಗೆಯ ವೇಗದಲ್ಲಿ ತಳ್ಳಿಕೊಂಡು ಹೋದರು. ಮೂರನೆಯದನ್ನು ದಾಟಿ ಬೆಳಕಿಗೆ ಬಂದಾಗ ಬೆರಳಣ್ಣ ಕಡ್ಡಿಗಳನ್ನು ಒಂದೊಂದಾಗಿ ಸವರಿದ. ನೂರ ಹತ್ತು ಕಡ್ಡಿ. ಒಂದೂ ಮುರಿದಿರಲಿಲ್ಲ! ಗುಮ್ಮಟದ ನೆತ್ತಿಯ ಮೇಲೆ ಎಷ್ಟು ಜಾಗ? ಸರಿಯಾಗಿ ಎರಡು ಬೆರಳು.

ಅವನು ಹಳಿಯ ಮೇಲೇ ಕುಣಿದುಬಿಟ್ಟ. ನಲವತ್ತೆರಡು ವರ್ಷದ ಗಂಡಸು, ಬೋಳುತಲೆ, ಕಿವಿಯ ಮೇಲೆ ಪೆನ್ಸಿಲ್.

"ಭಾವ, ಇನ್ನೂ ಬಾಯ್ಲರ್ ಹೋಗಿಲ್ಲ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲೀಬೇಡಿ."

"ಹೊಲಿದು ಗುಂಡಿನೂ ಹಾಕಿ ಆಯ್ತು, ನಡಿಯೋ!"

ಎಂಜಿನಿಯರ್ ಅಷ್ಟು ಸುಲಭಕ್ಕೆ ಒಪ್ಪುವವನಲ್ಲ. ಚಳಿಗಾಲ ಬಾಗಿಲಲ್ಲಿತ್ತು. ಹಿಮ ಬಿದ್ದು ದಾರಿ ಮುಚ್ಚುವ ಮೊದಲು ಊರಿಗೂ ಆಸ್ಪತ್ರೆಗೂ ಆರು ಗಾಡಿ ಹಿಟ್ಟು, ಕಲ್ಲಿದ್ದಲು, ಔಷಧ ಏರಿಸಬೇಕಿತ್ತು. ಬಾಯ್ಲರ್ ಸುರಂಗದಲ್ಲಿ ಕಚ್ಚಿಕೊಂಡರೆ ಎಲ್ಲವೂ ಕೆಳಗೇ ಉಳಿದು ಮೇಲಿನವರು ಉಪವಾಸ. ಅವನು ಒಂದು ಕಾಗದ ಬರೆಸಿದ: ಹೊರೆ ಸಿಕ್ಕಿಕೊಂಡರೆ ಹೊಣೆ ಬಡಗಿಯದು, ಅಂದೇ ಕೆಲಸದಿಂದ ಹೊರಗೆ. ಬೆರಳಣ್ಣ ಓದಿದ. ಸಹಿ ಹಾಕಿದ.

ಹೊರಡುವ ದಿನ ಬೆಳಿಗ್ಗೆಯೇ ಆಕಾಶ ಬೂದಿ ಬಣ್ಣಕ್ಕೆ ತಿರುಗಿತ್ತು. ಕೆಳಗಿನ ನಿಲ್ದಾಣಕ್ಕೆ ಜನವೋ ಜನ. ಎಲ್ಲಕ್ಕಿಂತ ಮುಂದೆ ಮುಳ್ಳು ಗಾಡಿ, ಅದರಲ್ಲಿ ಬೆರಳಣ್ಣ. ಅದರ ಹಿಂದೆ ಬಾಯ್ಲರ್ ಹೊತ್ತ ತಗ್ಗು ವ್ಯಾಗನ್. ಆಮೇಲೆ ಬ್ರೇಕ್ ವ್ಯಾನು, ಅದರಲ್ಲಿ ಎಂಜಿನಿಯರ್. ಕಟ್ಟಕಡೆಗೆ ಎಲ್ಲವನ್ನೂ ಹಿಂದಿನಿಂದ ತಳ್ಳುವ ಎಂಜಿನ್. ಮುಂದೇನಿದೆ ಎಂದು ಡ್ರೈವರಿಗೆ ಕಾಣದು. ಅದಕ್ಕೇ ಮುಳ್ಳು ಗಾಡಿಯಿಂದ ಎಂಜಿನ್ನಿನವರೆಗೆ ಹಗ್ಗ ಎಳೆದು ಗಂಟೆ ಕಟ್ಟಿದ್ದರು. ಒಂದು ಸಲ ಎಳೆದರೆ ನಿಲ್ಲು, ಎರಡು ಸಲ ಎಳೆದರೆ ನಡೆ.

ಬೆರಳಣ್ಣ ಎರಡು ಸಲ ಎಳೆದ. ಎಂಜಿನ್ ಒಮ್ಮೆ ಕೆಮ್ಮಿ, ಎರಡು ಸಲ ಚಕ್ರ ಜಾರಿಸಿ, ಹಳಿಯ ಮೇಲೆ ಮರಳು ಉದುರಿಸಿಕೊಂಡು ಹೆಜ್ಜೆ ಕಿತ್ತಿತು. ಹನ್ನೆರಡು ಟನ್ನು ಕಬ್ಬಿಣ ಬೆಟ್ಟ ಏರತೊಡಗಿತು. ತಿರುವಿನಲ್ಲಿ ವ್ಯಾಗನ್ ಕಿರುಗುಟ್ಟುವುದು, ಕೆಳಗೆ ಕಣಿವೆ, ಮುಖಕ್ಕೆ ಹೊಡೆಯುವ ಗಾಳಿ. ಅವನಿಗೆ ಹಾಡಬೇಕೆನ್ನಿಸಿತು, ಹಾಡಿದ. ಹಾಡಿದ್ದು ಹಿಂದಿನವರಿಗೆ ಕೇಳಿಸಲಿಲ್ಲ, ಅದು ಅವರ ಅದೃಷ್ಟ. ಮೊದಲ ಸುರಂಗ ದಾಟಿತು. ಎರಡನೆಯದೂ ದಾಟಿತು.

ಮೂರನೇ ಸುರಂಗದ ಬಾಯಲ್ಲಿ ಹಳಿ ಗ್ಯಾಂಗಿನ ಹನ್ನೆರಡು ಜನ ಮೀಸೆ ತಿರುವಿಕೊಂಡು ಸಾಲಾಗಿ ನಿಂತಿದ್ದರು. ಅವರ ಮೇಸ್ತ್ರಿ ಮುಂದೆ ಬಂದು ಸಲಾಮು ಹೊಡೆದ.

"ಹೋಗಿ ಬಾ ಬೆರಳಣ್ಣ! ನಿನ್ನ ಬಾಯ್ಲರಿಗೆ ಹಾಸಿಗೆ ಹಾಸಿದ್ದೀವಿ!"

ಏನು ಹಾಸಿಗೆ ಎಂದು ಕೇಳುವ ಮೊದಲು ಗಾಡಿ ಒಳಗೆ ನುಗ್ಗಿತು. ಕತ್ತಲು. ಕೈಯಲ್ಲಿ ಲಾಂದ್ರ. ಹತ್ತು ಹೆಜ್ಜೆ, ಇಪ್ಪತ್ತು ಹೆಜ್ಜೆ, ಮೂವತ್ತು. ಆಗ ತಲೆಯ ಮೇಲೆ ಸಣ್ಣದೊಂದು ಸದ್ದಾಯಿತು.

ಚಟ್.

ಬೆರಳಣ್ಣ ಗಂಟೆಯ ಹಗ್ಗಕ್ಕೆ ಜೋತುಬಿದ್ದ. ಗಾಡಿ ನರಳಿ ನಿಂತಿತು. ಎಂಜಿನ್ನಿನ ಚಿಮಣಿ ಇನ್ನೂ ಸುರಂಗದ ಬಾಯಿಯ ಆಚೆಗೇ ಇತ್ತು, ಪುಣ್ಯಕ್ಕೆ. ಲಾಂದ್ರ ಎತ್ತಿ ನೋಡಿದರೆ ನೆತ್ತಿಯ ಕಡ್ಡಿ ಮುರಿದಿದೆ. ವಾರದ ಹಿಂದೆ ಇದೇ ಜಾಗ, ಇದೇ ಕಡ್ಡಿ, ಎರಡು ಬೆರಳು ಗಾಳಿ ಆಡುತ್ತಿತ್ತು. ಈಗ ಇನ್ನೊಂದು ಮಾರು ಮುಂದೆ ಹೋಗಿದ್ದರೆ ಗುಮ್ಮಟವೇ ಬಡಿಯುತ್ತಿತ್ತು. ಮತ್ತೆ ಅದೇ ಸುರಂಗ, ಮತ್ತೆ ಅದೇ ಎರಡು ಬೆರಳು!

ಎಂಜಿನಿಯರ್ ಲಾಂದ್ರ ಹಿಡಿದು ಓಡಿ ಬಂದ, ಭಾಮೈದ ಬಂದ, ಮೇಸ್ತ್ರಿಯೂ ಬಂದ.

"ಏನಾಯ್ತು ಬೆರಳಣ್ಣ? ಹಾಸಿಗೆ ಸರಿ ಇಲ್ವಾ?"

"ಯಾವ ಹಾಸಿಗೆ ಮಾರಾಯಾ?"

ಮೇಸ್ತ್ರಿ ಎದೆಯುಬ್ಬಿಸಿ ಹೇಳಿದ. "ನೀನು ಅಳೆದು ಹೋದ ಮೇಲೆ ನಮ್ಮ ಹುಡುಗರು ಸುಮ್ನೆ ಕೂರಲಿಲ್ಲ. ಹನ್ನೆರಡು ಟನ್ನು ಬರುತ್ತೆ, ಹಳಿ ಕುಸಿದ್ರೆ ನಿನ್ನ ಮರ್ಯಾದೆ ಏನಾಗ್ಬೇಕು? ಆರು ದಿನ, ಹಗಲೆಲ್ಲ, ಹಳಿ ಎತ್ತಿ ಅದರಡಿಗೆ ಹೊಸ ಜಲ್ಲಿ ತುಂಬಿ ಗಟ್ಟಿ ಮಾಡಿದ್ದೀವಿ. ಒಂದು ಕಾಸಿನ ಕೂಲಿ ಕೇಳಿಲ್ಲ."

"ಎಷ್ಟು ಎತ್ತಿದ್ರಿ?"

ಮೇಸ್ತ್ರಿ ತನ್ನ ಗೆಣಸಿನಂಥ ಎರಡು ಬೆರಳು ಜೋಡಿಸಿ ಹೆಮ್ಮೆಯಿಂದ ಎತ್ತಿ ತೋರಿಸಿದ. ತೋರಿಸಿದವನು, ತನ್ನ ಬೆರಳನ್ನೇ ನೋಡಿದ. ತಲೆಯ ಮೇಲಿನ ಕಲ್ಲನ್ನು ನೋಡಿದ. ಆಮೇಲೆ ಮೆಲ್ಲಗೆ ಬೆರಳು ಕೆಳಗಿಳಿಸಿ ಹಳಿಯ ಮೇಲೆ ಕುಕ್ಕರಿಸಿಬಿಟ್ಟ.

ಯಾರಿಗೆ ಬೈಯುವುದು? ಮನೆ ಮಂದಿಯಂತೆ ಪ್ರೀತಿಯಿಂದ ಮಾಡಿದ ಕೆಲಸ. ಬೈದರೆ ಬಾಯಿಗೆ ಹುಳ ಬೀಳುತ್ತದೆ, ಬೈಯದಿದ್ದರೆ ಹೊಟ್ಟೆ ಉರಿಯುತ್ತದೆ. ಹಳಿ ಎತ್ತಬೇಡಿ ಎಂದು ತಾನೂ ಹೇಳಿರಲಿಲ್ಲ. ಅಳೆಯುವವನು ಸುರಂಗದ ನೆತ್ತಿಯನ್ನು ನೋಡಿದ್ದ, ಹಳಿ ಹಾಸುವವನು ನೆಲವನ್ನು ನೋಡಿದ್ದ. ಇಬ್ಬರೂ ಒಬ್ಬರಿಗೊಬ್ಬರು ಒಂದು ಮಾತು ಆಡಿರಲಿಲ್ಲ.

"ಈಗ್ಲೇ ಜಲ್ಲಿ ಕೀಳ್ತೀವಿ" ಎಂದ ಮೇಸ್ತ್ರಿ, ಅಳುವ ದನಿಯಲ್ಲಿ.

"ಕಿತ್ತು ಮತ್ತೆ ಮಟ್ಟ ಮಾಡೋಕೆ ಎಷ್ಟು ದಿನ?" ಎಂದು ಎಂಜಿನಿಯರ್ ಕೇಳಿದ.

"ಗಾಡಿ ವಾಪಸ್ ಇಳಿಸಿದ್ರೆ... ಮೂರು ದಿನ."

"ನಾಳೆ ಹಿಮ ಬೀಳುತ್ತೆ. ಉಳಿದಿರೋ ಹೊತ್ತಲ್ಲಿ ಹಿಟ್ಟು, ಕಲ್ಲಿದ್ದಲು ಏರಿಸಬೇಕು. ಬಾಯ್ಲರ್ ಕೆಳಗಿಳಿಸಿ. ಮುಂದಿನ ವರ್ಷ ಕತ್ತರಿಸೋಣ."

ಮುಂದಿನ ವರ್ಷ. ಈ ಮಾತನ್ನು ಹತ್ತೊಂಬತ್ತು ಸಲ ಕೇಳಿದ್ದವನಿಗೆ ಇಪ್ಪತ್ತನೆಯದು ಗಂಟಲಲ್ಲಿ ಇಳಿಯಲಿಲ್ಲ. ಮೇಲಿನ ನಿಲ್ದಾಣದಲ್ಲಿ ಅವಳು ಇವತ್ತೂ ಕಾಯುತ್ತಿರುತ್ತಾಳೆ. ಅದೇ ಪ್ಲಾಟ್‌ಫಾರಂ. ಬೆರಳಣ್ಣನ ಕಣ್ಣಲ್ಲಿ ನೀರು ತುಂಬಿಕೊಂಡಿತು. ಯಾರಿಗೂ ಕಾಣಬಾರದೆಂದು ಮುಖ ಮೇಲೆತ್ತಿದ.

ಮೇಲೆತ್ತಿದ್ದೇ ಒಳ್ಳೆಯದಾಯಿತು. ಮುರಿದ ಕಡ್ಡಿಯ ತುದಿ ಕೆಳಗೆ ಬಿದ್ದಿರಲಿಲ್ಲ. ಸುರಂಗದ ನೆತ್ತಿಯಲ್ಲೇ ನಾಟಿಕೊಂಡು ನಿಂತಿತ್ತು.

ಅವನು ರೆಪ್ಪೆ ಬಡಿದು ಮತ್ತೆ ನೋಡಿದ. ಕಲ್ಲಿಗೆ ಕಡ್ಡಿ ನಾಟುತ್ತದೆಯೇ? ಬಡಗಿಯಾಗಿ ಇಷ್ಟು ವರ್ಷವಾಯಿತು, ಕಲ್ಲಿಗೆ ಕಡ್ಡಿ ಹೊಡೆದವರನ್ನು ಅವನು ಎಲ್ಲೂ ಕಂಡಿರಲಿಲ್ಲ. ಚೌಕಟ್ಟು ಹತ್ತಿ ಕಡ್ಡಿಯ ತುದಿಯನ್ನು ಹಿಡಿದು ಅಲ್ಲಾಡಿಸಿದ. ಅಂಗೈ ಅಗಲದ ಕಪ್ಪು ಹಕ್ಕಳೆಯೊಂದು ಕಿತ್ತು ಎಂಜಿನಿಯರನ ಬಿಳಿ ಅಂಗಿಯ ಮೇಲೆ ಬಿತ್ತು.

"ಮಸಿ!" ಎಂದು ಕೂಗಿದ ಬೆರಳಣ್ಣ. "ಕಲ್ಲಲ್ಲ ಸಾರ್, ಮಸಿ! ಹೊಗೆಯ ಮಸಿ!"

ನಲವತ್ತು ವರ್ಷದಿಂದ ದಿನಕ್ಕೆ ನಾಲ್ಕು ಗಾಡಿ, ಏರು ಕಡಿದಾದ ಇದೇ ಸುರಂಗದಲ್ಲಿ ಉಸಿರು ಬಿಗಿಹಿಡಿದು ಹೊಗೆ ಕಕ್ಕಿಕೊಂಡು ಹೋಗಿದ್ದವು. ಆ ಹೊಗೆ ಸುರಂಗದ ಒದ್ದೆಗೆ ಅಂಟಿ, ಪದರದ ಮೇಲೆ ಪದರ ಗಟ್ಟಿಯಾಗಿ, ಕಲ್ಲಿನ ಬಣ್ಣಕ್ಕೇ ತಿರುಗಿತ್ತು. ಬೆರಳಣ್ಣ ಉಳಿ ತೆಗೆದು ಹೊಡೆದ. ಮೂರು ಬೆರಳು ಆಳಕ್ಕೆ ಹೋದ ಮೇಲೆ ಟಣ್ ಎಂದಿತು ನಿಜವಾದ ಕಲ್ಲು. ಅವನು ನಗತೊಡಗಿದ. ಬೆಟ್ಟ ಕೂತಿರಲಿಲ್ಲ, ಬೆಟ್ಟದ ಸೊಂಟ ನೆಟ್ಟಗೇ ಇತ್ತು. ಹಂಡೆಯ ಲೆಕ್ಕವೂ ಸರಿಯಿತ್ತು! ನಕ್ಷೆ ಕಲ್ಲಿನ ಲೆಕ್ಕ ಹೇಳಿತ್ತು, ಹಂಡೆ ತಾಗಿದ್ದು ಮಸಿಗೆ. ಹತ್ತೊಂಬತ್ತು ವರ್ಷ ಎದೆಯ ಮೇಲೆ ಹೊತ್ತ ಕಲ್ಲು ಮಸಿಯಾಗಿ ಉದುರಿತು.

"ಕೆರೀರಪ್ಪಾ! ಕೆರೀರಿ!"

ಮೇಸ್ತ್ರಿ ಎದ್ದ ರಭಸಕ್ಕೆ ಪಕ್ಕದವನು ಬಿದ್ದ. ಗ್ಯಾಂಗಿನ ಹನ್ನೆರಡೂ ಜನ ಬಾಯ್ಲರಿನ ಬೆನ್ನು ಹತ್ತಿದರು, ಚೌಕಟ್ಟು ಹತ್ತಿದರು, ಒಬ್ಬರ ಹೆಗಲ ಮೇಲೆ ಒಬ್ಬರು ಹತ್ತಿದರು. ಗುದ್ದಲಿ, ಹಾರೆ, ಕಲ್ಲಿದ್ದಲಿನ ಸಲಿಕೆ, ಕಡೆಗೆ ಯಾರದೋ ಊಟದ ಡಬ್ಬಿಯ ಮುಚ್ಚಳ. ಮೂವತ್ತು ಹೆಜ್ಜೆ ಉದ್ದಕ್ಕೆ ಕೆರೆಯಬೇಕಿತ್ತು. ಭಾಮೈದ ಹೊರಗಿನಿಂದ ಕೂಗುತ್ತಲೇ ಇದ್ದ. "ಭಾವ, ಎಂಜಿನ್ನಲ್ಲಿ ನೀರು ಎರಡು ಗಂಟೆಗೆ ಮಾತ್ರ ಇದೆ! ಆಮೇಲೆ ಬೆಂಕಿ ಆರಿಸ್ಬೇಕು!" ಒಂದು ಗಂಟೆ ಕಳೆಯಿತು. "ಭಾವ, ಒಂದೇ ಗಂಟೆ!" ಮಸಿ ಮಳೆಯಂತೆ ಸುರಿಯುತ್ತಿತ್ತು. ಯಾರ ಮುಖ ಯಾರದೆಂದು ಗೊತ್ತಾಗುತ್ತಿರಲಿಲ್ಲ. ಒಬ್ಬನಿಗೆ ಸಲಿಕೆ ಸರಿಯಾಗಿ ಹಿಡಿಯೋ ದಡ್ಡ ಎಂದು ಮೇಸ್ತ್ರಿ ಗದರಿದ, ಹಾಗೇ ಮಾಡ್ತೀನಿ ಮೇಸ್ತ್ರಿ ಎಂದು ಉತ್ತರ ಬಂತು, ದನಿ ಕೇಳಿದರೆ ಎಂಜಿನಿಯರ್!

ಕೊನೆಗೆ ಒಂದು ಕಡೆ ಬಂಡೆಯ ಮೂಗು ಕೆಳಗೆ ಇಳಿದಿತ್ತು. ಅಲ್ಲಿ ಮಸಿ ತೆಳ್ಳಗೆ, ಕೆರೆದಷ್ಟೂ ಕಲ್ಲೇ. ಕೋಲು ಹಿಡಿದು ನೋಡಿದರೆ ಎರಡು ಬೆರಳಿಲ್ಲ, ಒಂದು ಬೆರಳೂ ಇಲ್ಲ.

"ಭಾವ, ನೀರು!"

ಎಲ್ಲರೂ ಬೆರಳಣ್ಣನ ಕೈ ನೋಡಿದರು. ಎರಡು ಬೆರಳು ಮೇಲೆದ್ದರೆ ಹೋಗುವುದು, ಇಲ್ಲದಿದ್ದರೆ ಇಲ್ಲ, ಇದು ಅವನದೇ ಕಾನೂನು. ಅವನು ಗುಮ್ಮಟದ ಹಿಂದೆ ಬಾಯ್ಲರಿನ ಬೆನ್ನಿನ ಮೇಲೆ ಬೋರಲಾಗಿ ಮಲಗಿದ, ಗಂಟೆಯ ಹಗ್ಗ ಕೈಗೆ ಸುತ್ತಿಕೊಂಡ. ಬೆರಳು ಎತ್ತಲಿಲ್ಲ. ಹಗ್ಗವನ್ನು ಎರಡು ಸಲ ಎಳೆದ.

ಬಾಯ್ಲರ್ ಅಲುಗಿತು. ಇರುವೆ ಹೋದಂತೆ ಹೋಯಿತು. ಗುಮ್ಮಟ ಬಂಡೆಯ ಮೂಗಿನ ಕೆಳಗೆ ಬಂದಾಗ ಲಾಂದ್ರದ ಬೆಳಕು ಸಂದಿಯಲ್ಲಿ ಒಂದು ಗೆರೆಯಾಯಿತು. ಅವನು ತನ್ನ ಕಿರುಬೆರಳು ತೂರಿಸಲು ನೋಡಿದ, ಹೋಗಲಿಲ್ಲ. ಉಸಿರು ಬಿಟ್ಟರೆ ಎಲ್ಲಿ ಕಬ್ಬಿಣ ಉಬ್ಬೀತೋ ಎಂಬಂತೆ ಉಸಿರು ಹಿಡಿದ. ಕಬ್ಬಿಣ ಕಲ್ಲಿಗೆ ತಾಗಿದ ಸದ್ದು ಈಗ ಬಂತು, ಈಗ ಬಂತು... ಬರಲಿಲ್ಲ. ಬೆಳಕಿನ ಗೆರೆ ಮೆಲ್ಲಗೆ ದಪ್ಪವಾಯಿತು. ಒಂದು ಬೆರಳು. ಎರಡು ಬೆರಳು. ಆಮೇಲೆ ಇಡೀ ಅಂಗೈ.

"ದಾಟ್ತು!" ಎಂದು ಅವನು ಕಿರುಚಿದ್ದು ಸುರಂಗದಲ್ಲಿ ಸುತ್ತಿ ಸುತ್ತಿ ಎರಡೂ ಬಾಯಿಂದ ಹೊರಬಂತು. ಹಿಂದೆ ಓಡಿ ಬರುತ್ತಿದ್ದ ಗ್ಯಾಂಗಿನವರು ಟೋಪಿ ಎಸೆದರು. ಮೇಸ್ತ್ರಿ ಬಿಕ್ಕಿ ಬಿಕ್ಕಿ ಅತ್ತು ಮಸಿಯ ಮುಖದ ಮೇಲೆ ಎರಡು ಬಿಳಿ ಕಾಲುವೆ ಮಾಡಿಕೊಂಡ. ಭಾಮೈದ ಸಿಳ್ಳೆ ಹಾಕಿದ್ದನ್ನು ನಿಲ್ಲಿಸಿದ್ದು ಮುಂದಿನ ನೀರಿನ ತೊಟ್ಟಿಯ ಹತ್ತಿರವೇ. ನಾಲ್ಕನೇ ಸುರಂಗ, ಐದನೇ ಸುರಂಗ, ಅವನ್ನೆಲ್ಲ ಯಾರು ಲೆಕ್ಕಕ್ಕಿಟ್ಟರು!

ಮೇಲಿನ ನಿಲ್ದಾಣದಲ್ಲಿ ಊರೆಲ್ಲ ಸೇರಿತ್ತು. ಬಾಯ್ಲರಿನ ಮೇಲೆ ಕೂತು ಬಂದ ಹದಿಮೂರು ಕರೀ ಆಳುಗಳಲ್ಲಿ ತನ್ನ ಗಂಡ ಯಾರೆಂದು ಹೆಂಡತಿಗೆ ತಿಳಿಯಲಿಲ್ಲ. ಕಿವಿಯ ಮೇಲಿನ ಪೆನ್ಸಿಲ್ ನೋಡಿ ಗುರುತು ಹಿಡಿದಳು. ಅವಳು ಏನಾದರೂ ಕೇಳುವ ಮೊದಲೇ ಎಂಜಿನಿಯರ್ ಜೇಬಿನಿಂದ ಆ ಸಹಿಯ ಕಾಗದ ತೆಗೆದು ಹರಿದು ಎಂಜಿನ್ನಿನ ಬೆಂಕಿಗೆ ಹಾಕಿದ. ಮಾರನೆಯ ದಿನ ಹಿಮ ಸುಳಿಯಿತು, ನೆಲದಲ್ಲಿ ನಿಲ್ಲಲಿಲ್ಲ. ಆರು ಗಾಡಿ ಹಿಟ್ಟು, ಕಲ್ಲಿದ್ದಲು ಏರಿದ ಮೇಲೆಯೇ ದಾರಿ ಮುಚ್ಚಿತು.

ಬಾಯ್ಲರ್ ಕೂರಿಸಲು ಒಂಬತ್ತು ದಿನ ಹಿಡಿಯಿತು. ಹತ್ತನೇ ದಿನ ಬೆಳಿಗ್ಗೆ ಒಗೆಯುವ ಮನೆಯ ಗೋಡೆಯಲ್ಲಿ ಹೊಸ ನಲ್ಲಿ ತಿರುಗಿಸಿದರು. ಮೊದಲು ಗೊರಗೊರ ಎಂದಿತು, ತುಕ್ಕಿನ ಬಣ್ಣದ ನೀರು ಉಗುಳಿತು, ಆಮೇಲೆ ಹಬೆಯಾಡುವ ತಿಳಿನೀರು ಕಲ್ಲಿನ ತೊಟ್ಟಿಗೆ ಧಾರೆಯಾಗಿ ಬಿತ್ತು. ಕಿಟಕಿಯ ಗಾಜೆಲ್ಲ ಮಂಜಾಯಿತು. ನೋಡಲು ಬಂದಿದ್ದ ನರ್ಸುಗಳು ಚಪ್ಪಾಳೆ ತಟ್ಟಿ ಕೆಲಸಕ್ಕೆ ಹೋದರು. ಗಂಡ ಹೆಂಡತಿ ಇಬ್ಬರೇ ಉಳಿದರು.

ಅವಳು ಬಾಯ್ಲರ್ ಬಂದ ದಿನದಿಂದ ಬಾಯಲ್ಲಿಟ್ಟುಕೊಂಡಿದ್ದ ಪ್ರಶ್ನೆಯನ್ನು ಈಗ ಕೇಳಿದಳು. "ಕೊನೇಲಿ ಎಷ್ಟು ಜಾಗ ಇತ್ತು?"

"ಒಂದು ಬೆರಳಿಗೂ ಕಡಿಮೆ."

"ಯಾರ ಬೆರಳಯ್ಯಾ?"

ಹತ್ತೊಂಬತ್ತು ವರ್ಷದ ಮೇಲೆ ಅದೇ ಮಾತು, ಅದೇ ದನಿ. ಈ ಸಲ ಅವಳು ನಗುತ್ತಿದ್ದಳು.

"ನಿನ್ನ ಕಿರುಬೆರಳು" ಎಂದ ಅವನು.

ಅವಳು ಬಾತ ಕೈಯನ್ನು ಎತ್ತಿ ಅವನ ಕಣ್ಣೆದುರು ಹಿಡಿದಳು. "ಇದಾ? ಈ ಗೂಟ ಹಿಡಿಸೋಷ್ಟು ಜಾಗ ಇದ್ದಿದ್ರೆ ನೀನು ಅಲ್ಲೇ ನಿದ್ದೆ ಮಾಡ್ಕೊಂಡು ಬರ್ತಿದ್ದೆ."

"ಈಗಿನದಲ್ಲ. ಮದುವೆ ದಿನದ್ದು."

ಅವಳು ರವಿಕೆಯ ತೋಳು ಮೇಲಕ್ಕೆ ಮಡಿಸಿ ಎರಡೂ ಕೈಯನ್ನು ಮೊಣಕೈವರೆಗೆ ಬಿಸಿನೀರಿನಲ್ಲಿ ಇಳಿಸಿದಳು. ಕಣ್ಣು ಮುಚ್ಚಿ ಹಾಗೇ ನಿಂತಳು. ಸ್ವಲ್ಪ ಹೊತ್ತಿನ ಮೇಲೆ ಒಂದು ಕೈ ಹೊರಗೆ ತೆಗೆದು, ಅವನ ಕೈಯನ್ನು ಹಿಡಿದೆಳೆದು ತನ್ನ ಕೈಯ ಜೊತೆ ಮುಳುಗಿಸಿದಳು. ಹತ್ತು ದಿನವಾದರೂ ಅವನ ಉಗುರ ಸಂದಿಯಲ್ಲಿ, ಗೆರೆಗೆರೆಯಲ್ಲಿ ಮಸಿ ಕೂತಿತ್ತು. ಅದು ಬಿಟ್ಟುಕೊಂಡು ತಿಳಿನೀರಿನಲ್ಲಿ ಕಪ್ಪಗೆ ಹರಡಿತು.

"ಅಯ್ಯೋ, ಮೊದಲ ನೀರೇ ಕೆಟ್ಟೋಯ್ತು" ಎಂದು ಅವನು ಕೈ ಹಿಂದಕ್ಕೆ ಎಳೆದುಕೊಳ್ಳಲು ಹೋದ.

ಅವಳು ಬಿಡಲಿಲ್ಲ. "ಕೆಡಲಿ ಬಿಡು. ಇನ್ನೂ ಬರುತ್ತೆ."